ಹಿಂಬದಿಯ ಹಲಗೆ ಬಿಚ್ಚಿ ತೋರಿಸದವರಿಂದ ಬೇಸ್ ಕ್ಯಾಬಿನೆಟ್ ಕೊಳ್ಳಬೇಡಿ

ಮನೆಯಲ್ಲಿ ತಯಾರಿಸಿದ ಬೇಸ್ ಕ್ಯಾಬಿನೆಟ್ಟನ್ನು, ಅಂದರೆ ಬೇಸ್ ಗಿಟಾರ್‌ನ ಸ್ಪೀಕರ್ ಪೆಟ್ಟಿಗೆಯನ್ನು, ಯಾರಾದರೂ ಮಾರಲು ಬಂದರೆ, ಬೆಲೆ ಕೇಳುವ ಮೊದಲು ಸ್ಕ್ರೂಡ್ರೈವರ್ ಕೇಳಿ. ಹಿಂಬದಿಯ ಹಲಗೆ ಬಿಚ್ಚಿ ಒಳಗೇನಿದೆ ಎಂದು ತೋರಿಸಲು ಅವರು ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಯಲಿ. "ಒಳಗೆ ಹತ್ತಿ ತುಂಬಿದ್ದೇನೆ, ಬಿಚ್ಚಿದರೆ ಟ್ಯೂನಿಂಗ್ ಕೆಡುತ್ತದೆ" ಎಂದು ಹೇಳಿದರೆ ಇನ್ನೂ ಬೇಗ ಮುಗಿಯಲಿ. ನನಗೆ ಹೇಳಿದ್ದು ಇದೇ ಮಾತು. ಆ ಪೆಟ್ಟಿಗೆ ಜಾಮ್ (ವಾದಕರು ಕೂಡಿ ನುಡಿಸುವ ಕೂಟ) ನಡೆಯುತ್ತಿದ್ದಾಗಲೇ ತಾನೂ ಸುಟ್ಟುಹೋಯಿತು, ನನ್ನದಲ್ಲದ ಒಂದು ಆಂಪ್ಲಿಫೈಯರನ್ನೂ ಸುಟ್ಟಿತು. ಅದನ್ನು ಮಾರಿದವರು ಇನ್ನೂ ಎರಡು ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದಾರೆಂದು ಕೇಳಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ನಾನು ಹವ್ಯಾಸಕ್ಕೆ ಬೇಸ್ ನುಡಿಸುವವನು. ವಾರಾಂತ್ಯದ ಜಾಮ್‌ಗಳಲ್ಲಿ ಗಿಟಾರ್ ನುಡಿಸುವವರು ಸಾಲುಗಟ್ಟಿ ನಿಂತಿರುತ್ತಾರೆ, ಬೇಸ್ ನುಡಿಸುವವರು ಒಬ್ಬರು ಸಿಕ್ಕರೆ ಹೆಚ್ಚು. ಆದ್ದರಿಂದ ನನ್ನಂಥ ಸಾಧಾರಣ ವಾದಕನಿಗೂ ಅಲ್ಲಿ ಬೇಡಿಕೆಯಿದೆ. ಕಾರ್ಖಾನೆಯಲ್ಲಿ ತಯಾರಾದ ಒಳ್ಳೆಯ ಕ್ಯಾಬಿನೆಟ್ ದುಬಾರಿ, ಹಳೆಯದಾದರೆ ಎತ್ತಲಾಗದಷ್ಟು ಭಾರ. ಹೀಗಾಗಿ ನಮ್ಮ ನಡುವೆ ಮನೆಯಲ್ಲಿ ಜೋಡಿಸಿದ ಪೆಟ್ಟಿಗೆಗಳು ಕೈಯಿಂದ ಕೈಗೆ ಹೋಗುತ್ತಲೇ ಇರುತ್ತವೆ. ಅದರಲ್ಲಿ ತಪ್ಪೇನಿಲ್ಲ. ನಮ್ಮ ಜಾಮ್‌ಗೆ ಬರುವ ಹಿರಿಯರೊಬ್ಬರು ತಾವೇ ಮಾಡಿದ ಕ್ಯಾಬಿನೆಟ್‌ನಲ್ಲಿ ನುಡಿಸುತ್ತಾರೆ. ಅದರ ಒಳಗೋಡೆಗೆ ಒಂದು ಕಾಗದ ಅಂಟಿಸಿದ್ದಾರೆ: ಸ್ಪೀಕರ್‌ನ ಮಾದರಿ, ಪೆಟ್ಟಿಗೆಯ ಗಾತ್ರ ಎಷ್ಟು ಲೀಟರ್, ಪೋರ್ಟ್ (ಪೆಟ್ಟಿಗೆಯ ಗಾಳಿ ಓಡಾಡುವ ಕೊಳವೆ) ಎಷ್ಟು ಹರ್ಟ್ಜ್‌ಗೆ (ಸೆಕೆಂಡಿಗೆ ಎಷ್ಟು ಕಂಪನ) ಹೊಂದಿಸಿದ್ದು, ಒಟ್ಟು ಎಷ್ಟು ಓಮ್ (ವಿದ್ಯುತ್ತಿಗೆ ಒಡ್ಡುವ ತಡೆ; ಇದು ಕಡಿಮೆಯಾದಷ್ಟೂ ಆಂಪ್ಲಿಫೈಯರ್‌ಗೆ ಹೊರೆ ಹೆಚ್ಚು). ಯಾರು ಕೇಳಿದರೂ ಬಿಚ್ಚಿ ತೋರಿಸುತ್ತಾರೆ. ಕೇಳದಿದ್ದರೂ ತೋರಿಸುತ್ತಾರೆ, ಅದು ಬೇರೆ ಮಾತು.

ನನಗೆ ಮಾರಿದವರು ಅಂಥವರಲ್ಲ. ಜಾಮ್‌ಗಳಲ್ಲಿ ಪರಿಚಯವಾದವರು, ಮಾತು ಬಲ್ಲವರು. ಕಪ್ಪು ಕಾರ್ಪೆಟ್ ಹೊದಿಸಿ, ಮೂಲೆಗಳಿಗೆ ಲೋಹದ ಕಾಪು ಹಾಕಿ, ಮುಂದೆ ಉಕ್ಕಿನ ಜಾಲರಿ ಬಿಗಿದ ಪೆಟ್ಟಿಗೆ ನೋಡಲು ಅಂಗಡಿಯ ಮಾಲಿನಂತೆಯೇ ಇತ್ತು. ಹಿಂದೆ ಜ್ಯಾಕ್ ಪಕ್ಕದಲ್ಲಿ ಬಿಳಿ ಪಟ್ಟಿಯ ಮೇಲೆ "8 ಓಮ್, 500 ವ್ಯಾಟ್" ಎಂದು ಅಚ್ಚುಕಟ್ಟಾಗಿ ಬರೆದಿತ್ತು. ನಾನು ಬಾಯಿಬಿಟ್ಟು ಕೇಳಿದೆ, "ಇದು ಇಡೀ ಪೆಟ್ಟಿಗೆಯ ಓಮೇ, ಅಥವಾ ಒಂದೊಂದು ಸ್ಪೀಕರ್‌ನದೇ?" "ಇಡೀ ಪೆಟ್ಟಿಗೆಯದು ಸರ್, ಕಣ್ಣು ಮುಚ್ಚಿಕೊಂಡು ಇನ್ನೊಂದು ಕ್ಯಾಬಿನೆಟ್ ಸೇರಿಸಿ" ಎಂದರು. ಒಳಗೆ ಎರಡೂ ಬೇಸ್‌ಗೆಂದೇ ತಯಾರಾದ ಹನ್ನೆರಡು ಇಂಚಿನ ಸ್ಪೀಕರ್‌ಗಳು ಎಂದೂ ಹೇಳಿದರು. ಜೊತೆಗೆ ಒಂದು ಸ್ಪೀಕರ್ ಕೇಬಲ್ಲನ್ನು ಉಚಿತವಾಗಿ ಕೊಟ್ಟರು. ಆ ಕೇಬಲ್ಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅವರು ನುಡಿಸಿ ತೋರಿಸಿದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ನಂಬುವುದು ಇಲ್ಲಿಯೇ. ಚಿಕ್ಕ ಕೋಣೆ. ಪೆಟ್ಟಿಗೆ ಎರಡು ಗೋಡೆ ಸೇರುವ ಮೂಲೆಯಲ್ಲಿ, ನೆಲದ ಮೇಲೆ. ಮೂಲೆಯಲ್ಲಿಟ್ಟ ಯಾವ ಸ್ಪೀಕರ್‌ನಿಂದಲಾದರೂ ತಗ್ಗಿನ ಸ್ವರಗಳು ದಪ್ಪವಾಗಿ ಕೇಳುತ್ತವೆ. ಎಲ್ಲ ಕಡೆಗೂ ಹರಡಬೇಕಾದ ಶಬ್ದವನ್ನು ಗೋಡೆಗಳೂ ನೆಲವೂ ಒಂದೇ ಕಡೆಗೆ ತಳ್ಳುತ್ತವೆ. ಮೇಲಾಗಿ, ಬೇಸ್‌ನ ಅತಿ ದಪ್ಪ ತಂತಿಯ ಇ ಸ್ವರದ ಮೂಲ ಕಂಪನ ಸುಮಾರು 41 ಹರ್ಟ್ಜ್. ಸ್ಪೀಕರ್ ಅದನ್ನು ಸರಿಯಾಗಿ ಹೊರಡಿಸದಿದ್ದರೂ ಅದರ ಮೇಲಿನ 82, 123 ಹರ್ಟ್ಜ್‌ನ ಅಂಶಗಳು ಕೇಳಿದರೆ ಸಾಕು, ಮಿದುಳು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಸಣ್ಣ ದನಿಯಲ್ಲಿ, ಒಬ್ಬರೇ ನುಡಿಸುವಾಗ ಈ ಮೋಸ ಚೆನ್ನಾಗಿ ನಡೆಯುತ್ತದೆ. ನಾನೂ ನುಡಿಸಿದೆ, ಚೆನ್ನಾಗಿಯೇ ಕೇಳಿಸಿತು. ದನಿ ಏರಿಸಲು ಹೋದರೆ "ಪಕ್ಕದ ಮನೆಯವರು ಬೈಯುತ್ತಾರೆ" ಎಂದು ತಡೆದರು. ಆ ಪಕ್ಕದ ಮನೆಯವರು ಎಷ್ಟು ಸ್ಪೀಕರ್‌ಗಳನ್ನು ಮಾರಿಸಿಕೊಟ್ಟಿದ್ದಾರೋ!

ಜಾಮ್‌ನಲ್ಲಿ ಪೆಟ್ಟಿಗೆಗೆ ಮೂಲೆ ಸಿಗಲಿಲ್ಲ, ತೆರೆದ ವೇದಿಕೆಯ ನಡುವೆ ನಿಂತಿತು. ಡ್ರಮ್ ಶುರುವಾಗುತ್ತಿದ್ದಂತೆ ನನ್ನ ಕೆಳಗಿನ ತಂತಿಯೇ ಕಾಣೆಯಾಯಿತು. ಮೇಲಿನ ಎರಡು ತಂತಿಗಳು ಸ್ಪಷ್ಟ, ಕೆಳಗಿನ ಎರಡು ಬರಿಯ ಗೊರಗೊರ. ದನಿ ಸ್ವಲ್ಪ ಏರಿಸಿದರೆ ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಹಲಗೆ ಕುಟ್ಟಿದಂಥ ಸದ್ದು. ಅದು ಕೋನ್ (ಸ್ಪೀಕರ್‌ನಲ್ಲಿ ಕಂಪಿಸಿ ಶಬ್ದ ಹೊರಡಿಸುವ ಶಂಕು) ತನ್ನ ಓಟದ ಮಿತಿ ದಾಟಿ ಹಿಂದಕ್ಕೆ ಬಡಿಯುವ ಸದ್ದು. ಕೇಳಿದ ತಕ್ಷಣ ದನಿ ಇಳಿಸಬೇಕು. ಇಳಿಸಿದೆ. ಆಗ ಜಾಮ್ ನಡೆಸುವವರು, "ನಮ್ಮ ಕ್ಯಾಬಿನೆಟ್ಟೂ 8 ಓಮ್, ಎರಡನ್ನೂ ಸೇರಿಸಿ, ಹೊರೆ ಹಂಚಿಹೋಗುತ್ತದೆ" ಎಂದರು. ಲೆಕ್ಕ ಸರಿಯಾಗಿಯೇ ಇತ್ತು. 8 ಓಮ್‌ನ ಎರಡು ಪೆಟ್ಟಿಗೆ ಸಮಾಂತರವಾಗಿ ಸೇರಿದರೆ 4 ಓಮ್. ಅವರ ಆಂಪ್‌ನ ಹಿಂದೆ ಕನಿಷ್ಠ 4 ಓಮ್ ಎಂದೇ ಅಚ್ಚಾಗಿತ್ತು. ಎರಡನೆಯ ಹಾಡು ಮುಗಿಯುವುದರೊಳಗೆ ಸುಟ್ಟ ವಾರ್ನಿಶ್‌ನ ವಾಸನೆ ಬಂತು, ಒಂದು ದೊಡ್ಡ ಹಮ್ ಎದ್ದಿತು, ಆಮೇಲೆ ಏನೂ ಇಲ್ಲ. ಡ್ರಮ್ಮರ್ ಮಾತ್ರ ಪಾಪ, ಏನಾಯಿತೆಂದು ತಿಳಿಯದೆ ಇನ್ನೂ ಸ್ವಲ್ಪ ಹೊತ್ತು ನುಡಿಸುತ್ತಲೇ ಇದ್ದರು.

ಮರುದಿನ ಹಲಗೆ ಬಿಚ್ಚಿದೆವು. ಸ್ಪೀಕರ್‌ಗಳ ಲೆಕ್ಕಾಚಾರ ಬಲ್ಲ ಗೆಳೆಯರೊಬ್ಬರು ಜೊತೆಗಿದ್ದರು. ಹತ್ತಿ ಇರಲಿಲ್ಲ. ಇದ್ದದ್ದು ಎರಡು ಬೇರೆ ಬೇರೆ ಸ್ಪೀಕರ್‌ಗಳು. ಒಂದು ಯಾವುದೋ ಹಳೆಯ ಧ್ವನಿವರ್ಧಕದ್ದು, ಇನ್ನೊಂದು ಗಿಟಾರ್ ಆಂಪ್‌ನಿಂದ ಕಳಚಿದ್ದು. ಗಿಟಾರ್‌ನ ಅತಿ ತಗ್ಗಿನ ಸ್ವರವೇ 82 ಹರ್ಟ್ಜ್. ಆ ಸ್ಪೀಕರ್‌ಗಳನ್ನು ಅದಕ್ಕೆ ತಕ್ಕಂತೆಯೇ ರೂಪಿಸಿರುತ್ತಾರೆ. ಅವುಗಳ ವಾಯ್ಸ್ ಕಾಯಿಲ್ (ಕೋನ್ ಅನ್ನು ನೂಕುವ ತಂತಿಸುರುಳಿ) ಹಿಂದೆ ಮುಂದೆ ಚಲಿಸುವುದು ಒಂದು ಮಿಲಿಮೀಟರ್‌ನ ಆಸುಪಾಸಿನಲ್ಲಿ. ಬೇಸ್‌ಗಾಗಿ ಮಾಡಿದ್ದು ಅದರ ಹಲವು ಪಟ್ಟು ಚಲಿಸುತ್ತದೆ. ಸುರುಳಿ ಉಜ್ಜಿ, ಕಾದು, ಕರಗಿ ಅಂಟಿಕೊಂಡಿದ್ದು ಈ ಗಿಟಾರ್ ಸ್ಪೀಕರೇ.

ಎರಡೂ 8 ಓಮ್‌ನವು, ಎರಡನ್ನೂ ಸಮಾಂತರವಾಗಿ ಜೋಡಿಸಿದ್ದರು. ಅಂದರೆ ಪೆಟ್ಟಿಗೆ 4 ಓಮ್. ಅದರ ಜೊತೆ ಇನ್ನೊಂದು 8 ಓಮ್ ಸೇರಿದಾಗ ಆಂಪ್‌ಗೆ ಕಂಡದ್ದು 2.67 ಓಮ್. ಆಂಪ್ ತಾನು ತಾಳಬಲ್ಲ ಹೆಚ್ಚೆಂದರೆ ಎಷ್ಟು ವಿದ್ಯುತ್ತೋ ಅದರ ಒಂದೂವರೆ ಪಟ್ಟು ಕೊಡಬೇಕಾಯಿತು. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಹೋಗಿವೆ ಎಂದು ರಿಪೇರಿಯವರು ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. 500 ವ್ಯಾಟ್ ಎಂಬುದು ಎಲ್ಲಿಂದ ಬಂತು ಎಂಬುದೂ ತಿಳಿಯಿತು. ಒಂದರ ಬೆನ್ನಿನ ಮೇಲೆ ಪೀಕ್ ಎಂದು ಅಚ್ಚಾಗಿದ್ದ ಅಂಕಿಗೆ ಇನ್ನೊಂದರ ಅಂಕಿ ಕೂಡಿಸಿ, ಮೇಲೆ ಸ್ವಲ್ಪ ಉದಾರತೆ ಸೇರಿಸಿದ್ದಾರೆ. ಪೀಕ್ ಎಂದರೆ ಕ್ಷಣಮಾತ್ರ ತಾಳುವುದು. ನಿರಂತರವಾಗಿ ತಾಳುವ ಶಕ್ತಿ ಅದಕ್ಕಿಂತ ಬಹಳ ಕಡಿಮೆ.

ಪೆಟ್ಟಿಗೆಯ ಕಥೆ ಇನ್ನೊಂದು. 12 ಮಿಲಿಮೀಟರ್ ದಪ್ಪದ ಪಾರ್ಟಿಕಲ್ ಬೋರ್ಡ್. ನಡುವೆ ಆಧಾರದ ಪಟ್ಟಿಗಳಿಲ್ಲ, ಮೂಲೆಗಳಲ್ಲಿ ಅಂಟು ಬಿಟ್ಟು ಬೆಳಕು ಕಾಣುತ್ತಿತ್ತು. ಪೋರ್ಟ್ ಎಂಬುದು ಎಲ್ಲೋ ಸಿಕ್ಕ ರಟ್ಟಿನ ಕೊಳವೆಯ ಒಂದು ತುಂಡು. ಗೆಳೆಯರು ಅಳತೆ ತೆಗೆದು ಲೆಕ್ಕ ಹಾಕಿದರೆ ಅದು ಹೊಂದಿಕೊಂಡದ್ದು 70 ಹರ್ಟ್ಜ್‌ನ ಸುತ್ತಮುತ್ತ. ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಒಳಗಿನ ಗಾಳಿ ಕೋನ್ ಅನ್ನು ಹಿಡಿತದಲ್ಲಿಡುವುದು ಆ ಹೊಂದಿಸಿದ ಸ್ವರದವರೆಗೆ ಮಾತ್ರ. ಅದಕ್ಕಿಂತ ಕೆಳಗೆ ಇಳಿದರೆ ಹಿಡಿತ ತಪ್ಪಿ ಕೋನ್ ಬೇಕಾಬಿಟ್ಟಿ ಓಡಾಡುತ್ತದೆ, ಶಬ್ದ ಮಾತ್ರ ಬರುವುದಿಲ್ಲ. ಇ ತಂತಿಯ 41, ಎ ತಂತಿಯ 55, ಎರಡೂ ಆ 70ಕ್ಕಿಂತ ಕೆಳಗಿನವು. ಐದು ತಂತಿಯ ಬೇಸ್‌ನ ಬಿ ಸ್ವರವಂತೂ 31. ಕೆಳಗಿನ ಎರಡು ತಂತಿಗಳು ಮಾತ್ರ ಏಕೆ ಗೊರಗುಟ್ಟಿದವು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇದೆಲ್ಲ ಯಾರಿಗೂ ತಿಳಿಯದ ಗುಟ್ಟೂ ಅಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್, ಯಾವ ಸ್ಪೀಕರ್‌ಗೆ ಎಷ್ಟು ಗಾತ್ರದ ಪೆಟ್ಟಿಗೆ, ಎಷ್ಟು ಉದ್ದದ ಪೋರ್ಟ್ ಎಂಬುದನ್ನು ಲೆಕ್ಕ ಹಾಕುವ ದಾರಿ ತೋರಿಸಿಕೊಟ್ಟರು. ಇಂದು ಹೆಸರುಳ್ಳ ಯಾವ ಸ್ಪೀಕರ್ ಕೊಂಡರೂ ಥೀಲ್-ಸ್ಮಾಲ್ ಅಂಕಿಗಳ ಹಾಳೆ ಸಿಗುತ್ತದೆ. ಲೆಕ್ಕ ಹಾಕುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಇಷ್ಟಾದ ಮೇಲೂ ಕೊಳವೆಯನ್ನು ಅಂದಾಜಿನಲ್ಲಿ ಕತ್ತರಿಸುವವರು ಪೆಟ್ಟಿಗೆಯನ್ನು ತಮ್ಮ ಮನೆಯಲ್ಲಿಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಆ ಉಚಿತ ಕೇಬಲ್ ಗಿಟಾರ್ ಕೇಬಲ್. ಸುತ್ತ ಜಾಲರಿ, ನಡುವೆ ಕೂದಲೆಳೆಯಂಥ ವೈರ್. ಗಿಟಾರ್‌ನಿಂದ ಆಂಪ್‌ಗೆ ಹೋಗುವ ಸಣ್ಣ ಸಂಕೇತಕ್ಕೆ ಅದು ಸರಿ. ಆಂಪ್‌ನಿಂದ ಸ್ಪೀಕರ್‌ಗೆ ಹೋಗುವ ವಿದ್ಯುತ್ತಿಗೆ ದಪ್ಪ ತಾಮ್ರದ ಎರಡು ವೈರ್‌ಗಳು ಬೇಕು. ಎರಡರ ತುದಿಯ ಜ್ಯಾಕ್ ಒಂದೇ ರೀತಿ ಇರುವುದರಿಂದ ಹೊರಗಿನಿಂದ ಗುರುತು ಸಿಗುವುದಿಲ್ಲ. ಜ್ಯಾಕ್‌ನ ಹಿಡಿಯನ್ನು ತಿರುಗಿಸಿ ಬಿಚ್ಚಿ ನೋಡಬೇಕು. ಸ್ಪೀಕಾನ್ ಕನೆಕ್ಟರ್ (ಸ್ಪೀಕರ್ ಕೇಬಲ್ಲಿಗೆಂದೇ ಇರುವ, ತಿರುಗಿಸಿ ಬಿಗಿಯುವ ಜೋಡಣೆ) ಇರುವ ಪೆಟ್ಟಿಗೆಯನ್ನು ನಾನು ಇಷ್ಟಪಡುವುದು ಇದಕ್ಕಾಗಿಯೇ: ಅದರಲ್ಲಿ ಗಿಟಾರ್ ಕೇಬಲ್ ಕೂರುವುದೇ ಇಲ್ಲ.

ನ್ಯಾಯವಾಗಿ ಹೇಳಬೇಕೆಂದರೆ, ಎರಡೂ ಸ್ಪೀಕರ್‌ಗಳ ಧನ ಋಣ ಧ್ರುವಗಳನ್ನು ಅವರು ಸರಿಯಾಗಿ ಜೋಡಿಸಿದ್ದರು. ಆ ಪೆಟ್ಟಿಗೆಯಲ್ಲಿ ಸರಿಯಿದ್ದ ಕೆಲಸ ಅದೊಂದೇ.

ಫೋನ್ ಮಾಡಿದರೆ ಮೊದಲ ಮಾತೇ, "ನೀವು ಜೋರಾಗಿ ನುಡಿಸಿದ್ದೀರಿ." 500 ವ್ಯಾಟ್ ಎಂದು ಬರೆದ ಪೆಟ್ಟಿಗೆಗೆ ಅದಕ್ಕಿಂತ ಬಹಳ ಚಿಕ್ಕ ಆಂಪ್ ಜೋಡಿಸಿದ್ದೆವು ಎಂದೆ. "ಹಾಗಾದರೆ ಆಂಪ್‌ನದೇ ದೋಷ." ಗಿಟಾರ್ ಸ್ಪೀಕರ್ ಏಕೆ ಹಾಕಿದಿರಿ ಎಂದರೆ "ಅದರಿಂದ ಮೇಲಿನ ಸ್ವರಗಳು ಹೊಳೆಯುತ್ತವೆ." ಪಟ್ಟಿಯ ಮೇಲಿನ 8 ಓಮ್ ಸುಳ್ಳಲ್ಲವೇ ಎಂದರೆ "ಎರಡೂ ಎಂಟೇ ತಾನೇ?" ಹಲಗೆ ಬಿಚ್ಚಿದ ಮೇಲೆ ತಮ್ಮ ಹೊಣೆ ಇಲ್ಲ ಎಂದು ಮುಗಿಸಿದರು. ಬಿಚ್ಚುವ ಮೊದಲೂ ಅವರ ಹೊಣೆ ಇರಲಿಲ್ಲ ಎಂಬುದು ಅವರಿಗೆ ನೆನಪಾಗಲಿಲ್ಲ. ಬರಹದಲ್ಲಿ ಏನೂ ಇಲ್ಲದ್ದರಿಂದ ಹಣ ಹಿಂದಿರುಗಲಿಲ್ಲ. ಆಂಪ್‌ನ ರಿಪೇರಿ ಖರ್ಚನ್ನು ನಾನೂ ಜಾಮ್ ನಡೆಸುವವರೂ ಹಂಚಿಕೊಂಡೆವು. ಅವರು ಬೇಡವೆಂದರೂ ಅದು ನ್ಯಾಯವೆಂದು ನನಗೆ ತೋರಿತು.

ಹೊರಗಿನಿಂದಲೇ ತಿಳಿಯುವಂಥವು ಕೆಲವಿವೆ. ಮಲ್ಟಿಮೀಟರ್ ಒಯ್ಯಿರಿ. ಆಂಪ್‌ನಿಂದ ಕೇಬಲ್ ಕಳಚಿ, ಕೇಬಲ್ಲಿನ ತುದಿಯಲ್ಲಿ ಪೆಟ್ಟಿಗೆಯ ಪ್ರತಿರೋಧ ಅಳೆಯಿರಿ. ನಿಜವಾದ 8 ಓಮ್ ಪೆಟ್ಟಿಗೆ 5.5ರಿಂದ 7ರ ನಡುವೆ ತೋರಿಸುತ್ತದೆ, 4 ಓಮ್‌ನದು 3ರಿಂದ 3.5ರ ಸುತ್ತ. ಅಂಕಿ ಪಟ್ಟಿಯ ಮೇಲೆ ಬರೆದದ್ದಕ್ಕಿಂತ ಕಡಿಮೆಯಿರುವುದು ಸಹಜ, ಅರ್ಧಕ್ಕಿಂತ ಕಡಿಮೆಯಿರುವುದು ಸಹಜವಲ್ಲ. 1.5 ವೋಲ್ಟ್‌ನ ಸಣ್ಣ ಬ್ಯಾಟರಿಯನ್ನು ಅದೇ ತುದಿಗೆ ಒಂದು ಕ್ಷಣ ತಾಗಿಸಿದರೆ ಎಲ್ಲ ಕೋನ್‌ಗಳೂ ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ಹೊರಗೆ, ಒಂದು ಒಳಗೆ ಹೋದರೆ ತಗ್ಗಿನ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಜಾಲರಿ ತೆಗೆಯಲು ಬಂದರೆ, ಕೋನ್ ಅನ್ನು ನಡುವಿನ ಸುತ್ತ ಬೆರಳುಗಳಿಂದ ಸಮನಾಗಿ ಮೆಲ್ಲಗೆ ಒತ್ತಿ. ಮರಳು ಕೆರೆದಂತೆ ತಾಗಿದರೆ ಸುರುಳಿ ಉಜ್ಜುತ್ತಿದೆ ಎಂದರ್ಥ. ಪೆಟ್ಟಿಗೆಯನ್ನು ಮೂಲೆಯಿಂದ ಎಳೆದು ಕೋಣೆಯ ನಡುವೆ ಇಡಿ, ಸಾಧ್ಯವಾದರೆ ಹೊರಗೆ. ಬೇಸ್ ಗುಂಡಿಯನ್ನು ನಡುವಿಗೆ ತಿರುಗಿಸಿ, ಇ ತಂತಿಯನ್ನು ತೆರೆದೇ (ಬೆರಳಿನಿಂದ ಒತ್ತದೆ) ನುಡಿಸುತ್ತಾ ದನಿಯನ್ನು ನಿಧಾನವಾಗಿ ಜಾಮ್‌ನ ಮಟ್ಟಕ್ಕೆ ಏರಿಸಿ.

ವ್ಯಾಟ್ ಎಷ್ಟು ಎಂಬುದಕ್ಕೆ ಕಡಿಮೆ ಬೆಲೆ ಕೊಡಿ. ವ್ಯಾಟ್ ಇಮ್ಮಡಿಯಾದರೆ ಶಬ್ದ ಏರುವುದು ಮೂರೇ ಡೆಸಿಬಲ್. 1969ರಲ್ಲಿ ಬಂದ ಬೇಸ್ ಆಂಪ್ ಆಂಪೆಗ್ ಎಸ್‌ವಿಟಿ 300 ವ್ಯಾಟ್‌ನದು. ದೊಡ್ಡ ವೇದಿಕೆಗಳನ್ನು ಅದು ತುಂಬಿದ್ದರಲ್ಲಿ ಎಂಟೆಂಟು ಹತ್ತಿಂಚಿನ ಸ್ಪೀಕರ್‌ಗಳಿದ್ದ ಪೆಟ್ಟಿಗೆಗಳ ಪಾಲೂ ದೊಡ್ಡದು.

ಜಾಮ್ ನಡೆಸುವವರಿಗೂ ಒಂದು ಮಾತು. ಹೊರಗಿನಿಂದ ಬಂದ ಕ್ಯಾಬಿನೆಟ್ಟನ್ನು, ತಂದವರು ಎಷ್ಟೇ ಪರಿಚಿತರಾಗಿರಲಿ, ಮೀಟರ್ ಹಿಡಿಯದೆ ನಿಮ್ಮ ಆಂಪ್‌ಗೆ ಸೇರಿಸಬೇಡಿ. ನಮ್ಮಲ್ಲಿ ಈಗ ಆಂಪ್‌ನ ಪಕ್ಕದಲ್ಲೇ ಒಂದು ಮಲ್ಟಿಮೀಟರ್ ತೂಗುಹಾಕಿದ್ದಾರೆ. ಮೊನ್ನೆ ಆ ಹಿರಿಯರ ಪೆಟ್ಟಿಗೆಯನ್ನೂ ಅಳೆದರು. ಅವರು ಬೇಸರಪಟ್ಟುಕೊಳ್ಳಲಿಲ್ಲ, ಮೀಟರ್‌ನ ಬ್ಯಾಟರಿ ಹಳತಾಗಿದೆ, ಬದಲಿಸಿ ಎಂದಷ್ಟೇ ಹೇಳಿದರು.