ಕಡಲತೀರಕ್ಕೂ ಆಗುತ್ತದೆ ಎಂದು ನಂಬಿಸಿ ಮಾರಿದ ಮೆಟಲ್ ಡಿಟೆಕ್ಟರ್: ದಯವಿಟ್ಟು ನನ್ನಂತೆ ಮೋಸಹೋಗಬೇಡಿ

ಮೆಲ್ಬರ್ನಿನಲ್ಲಿರುವ ನಮ್ಮ ಕನ್ನಡದವರಲ್ಲಿ ಕೆಲವರು ಈ ಬೇಸಿಗೆಗೆ ನಾಣ್ಯ ಹುಡುಕುವ ಮೆಟಲ್ ಡಿಟೆಕ್ಟರ್ ಕೊಳ್ಳಲು ಹೊರಟಿದ್ದಾರೆಂದು ತಿಳಿದು ಇದನ್ನು ಬರೆಯುತ್ತಿದ್ದೇನೆ. ಎರಡು ತಿಂಗಳಿಂದ ಈ ವಿಷಯವನ್ನು ಮನೆಯವರ ಹೊರತು ಯಾರ ಬಳಿಯೂ ಆಡಿರಲಿಲ್ಲ, ಆಡಲು ನಾಚಿಕೆಯಾಗುತ್ತಿತ್ತು. 649 ಡಾಲರ್ ಕೊಟ್ಟು ತಂದ ಯಂತ್ರ ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದೆ, ಹಣ ಅಂಗಡಿಯವರ ಬಳಿಯೇ ಇದೆ. ದೂರು ಇನ್ನೂ ಇತ್ಯರ್ಥವಾಗದ ಕಾರಣ ಅಂಗಡಿಯ ಹೆಸರನ್ನಾಗಲಿ ಯಂತ್ರದ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ.

ಕೊಳ್ಳುವ ಮೊದಲು ನಾನು ಫೋನಿನಲ್ಲಿ ನನ್ನ ಅಗತ್ಯವನ್ನು ಬಿಡಿಸಿ ಹೇಳಿದ್ದೆ. ವಾರದ ದಿನಗಳಲ್ಲಿ ಅನುಮತಿ ಇರುವ ಮೈದಾನದಲ್ಲಿ, ಭಾನುವಾರ ಎಲ್‌ವುಡ್ ಅಥವಾ ವಿಲಿಯಮ್ಸ್‌ಟೌನ್ ಕಡಲತೀರದಲ್ಲಿ, ಅದರಲ್ಲೂ ಅಲೆ ಬಂದು ಹಿಂದಿರುಗುವ ಒದ್ದೆ ಮರಳಿನಲ್ಲಿ ಹುಡುಕಬೇಕು ಎಂದಿದ್ದೆ. ಒದ್ದೆ ಮರಳು ಎಂಬ ಮಾತನ್ನು ಎರಡು ಸಲ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅತ್ತ ಕಡೆಯಿಂದ ಬಂದ ಉತ್ತರ ಇಷ್ಟು: ‘ಇದು ಮಲ್ಟಿ ಫ್ರೀಕ್ವೆನ್ಸಿ ಯಂತ್ರ, ವಾಟರ್‌ಪ್ರೂಫ್ ಕೂಡ. ನೆಲಕ್ಕೂ ಆಗುತ್ತದೆ, ಕಡಲಿಗೂ ಆಗುತ್ತದೆ.’ ಮಲ್ಟಿ ಫ್ರೀಕ್ವೆನ್ಸಿ ಎಂದರೆ ನೆಲದೊಳಕ್ಕೆ ಹಲವು ಕಂಪನಾಂಕಗಳ ಸಂಕೇತ ಕಳಿಸುವ ಯಂತ್ರ. ಅವರ ಜಾಹೀರಾತಿನಲ್ಲಿಯೂ ‘ಮಲ್ಟಿ ಫ್ರೀಕ್ವೆನ್ಸಿ’, ‘ವಾಟರ್‌ಪ್ರೂಫ್’ ಎಂಬ ಈ ಎರಡು ಪದಗಳು ದಪ್ಪ ಅಕ್ಷರಗಳಲ್ಲಿದ್ದವು. ನಾನು ನಂಬಿದೆ.

ಮೊದಲ ಕೆಲವು ವಾರ ಯಾವ ತೊಂದರೆಯೂ ಕಾಣಲಿಲ್ಲ, ಮೋಸ ಅಡಗಿದ್ದುದೇ ಅಲ್ಲಿ. ಮೈದಾನದಲ್ಲಿ ಒಂದು ಸೆಂಟ್, ಎರಡು ಸೆಂಟ್‌ಗಳ ಹಳೆಯ ಕಂಚಿನ ನಾಣ್ಯಗಳು ಸಿಕ್ಕವು. 1992ರಿಂದ ಚಲಾವಣೆಯಿಂದ ಹಿಂತೆಗೆದ ಆ ನಾಣ್ಯಗಳನ್ನು ತೊಳೆದು ಮಗಳ ಕೈಗಿಟ್ಟಾಗ ಅವಳಿಗಿಂತ ನನಗೇ ಹೆಚ್ಚು ಸಂತೋಷವಾಗಿತ್ತು. ಕಡಲತೀರದ ಒಣ ಮರಳಿನಲ್ಲಿಯೂ ಯಂತ್ರ ಸರಿಯಾಗಿಯೇ ನಡೆಯಿತು. ಒಣ ಮರಳಿನಲ್ಲಿ ಬಹುತೇಕ ಎಲ್ಲ ಯಂತ್ರಗಳೂ ನಡೆಯುತ್ತವೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಅಂಗಡಿಯವರು ಹಿಂದಿರುಗಿಸಲು ಕೊಟ್ಟಿದ್ದ 30 ದಿನಗಳು ಕಳೆದುಹೋಗಿದ್ದವು.

ಐದನೆಯ ಭಾನುವಾರ ಬೆಳಿಗ್ಗೆ, ನೀರು ಇಳಿದಿದ್ದ ಹೊತ್ತಿನಲ್ಲಿ, ಎಲ್‌ವುಡ್‌ನ ಒದ್ದೆ ಮರಳಿಗೆ ಇಳಿದೆ. ಕಾಯಿಲ್, ಅಂದರೆ ಕೋಲಿನ ತುದಿಯಲ್ಲಿರುವ ಲೋಹ ಗುರುತಿಸುವ ತಟ್ಟೆ, ಮರಳಿನ ಮೇಲೆ ಬಂದ ಕ್ಷಣದಿಂದ ಯಂತ್ರ ಅರಚತೊಡಗಿತು. ಎಡಕ್ಕೆ ಬೀಸಿದರೂ ಶಬ್ದ, ಬಲಕ್ಕೆ ಬೀಸಿದರೂ ಶಬ್ದ, ಪರದೆಯ ಮೇಲಿನ ಅಂಕಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಗ್ರೌಂಡ್ ಬ್ಯಾಲೆನ್ಸ್ (ಆ ನೆಲಕ್ಕೆ ಯಂತ್ರವನ್ನು ಹೊಂದಿಸುವುದು) ಮಾಡಿದೆ, ಮತ್ತೆ ಮಾಡಿದೆ. ಶಬ್ದ ನಿಲ್ಲುವವರೆಗೆ ಸೆನ್ಸಿಟಿವಿಟಿಯನ್ನು ಇಳಿಸುತ್ತಾ ಹೋದೆ. ಕೊನೆಗೆ ಯಂತ್ರ ಸುಮ್ಮನಾಯಿತು. ಸಂಶಯ ಬಂದು ಜೇಬಿನಿಂದ ಎರಡು ಡಾಲರಿನ ಒಂದು ನಾಣ್ಯ ತೆಗೆದು, ಬೆರಳಿನಷ್ಟು ಆಳದಲ್ಲಿ ಹೂತು, ಅದರ ಮೇಲೆ ಕಾಯಿಲ್ ಆಡಿಸಿದೆ. ಯಂತ್ರ ಸದ್ದು ಮಾಡಲಿಲ್ಲ. ನಾನೇ ನನ್ನ ಕೈಯಾರೆ ಹೂತ ನಾಣ್ಯವನ್ನು 649 ಡಾಲರಿನ ಯಂತ್ರ ಕಾಣಲಿಲ್ಲ.

ಪಕ್ಕದಲ್ಲಿ ಹುಡುಕುತ್ತಿದ್ದ ಹಿರಿಯರೊಬ್ಬರು ಇದನ್ನು ನೋಡಿ ಹತ್ತಿರ ಬಂದರು. ನನ್ನ ಯಂತ್ರದ ಗುಂಡಿಯನ್ನು ತಿರುಗಿಸಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮೂರು ಫ್ರೀಕ್ವೆನ್ಸಿ ಇವೆ ಸರಿ, ಆದರೆ ಒಮ್ಮೆಗೆ ಓಡುವುದು ಒಂದೇ ಅಲ್ಲವೇ?’ ಅವರ ಯಂತ್ರ ಅದೇ ಜಾಗದಲ್ಲಿ ನನ್ನ ನಾಣ್ಯವನ್ನು ಮೊದಲ ಬೀಸಿನಲ್ಲೇ ಹಿಡಿಯಿತು. ಆ ಕ್ಷಣವನ್ನು ನೆನೆದರೆ ಇಂದಿಗೂ ಮುಖ ಬಿಸಿಯಾಗುತ್ತದೆ. ಇಂಜಿನಿಯರಿಂಗ್ ಓದಿದವನು ನಾನು, ಆ ಒಂದು ಪ್ರಶ್ನೆಯನ್ನು ಅಂಗಡಿಯಲ್ಲಿ ನಾನೇ ಕೇಳಬೇಕಿತ್ತು.

ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುತ್ತದೆ, ಆದ್ದರಿಂದ ಒದ್ದೆ ಮರಳೇ ಒಂದು ಲೋಹದಂತೆ ಯಂತ್ರಕ್ಕೆ ಉತ್ತರ ಕೊಡುತ್ತದೆ. ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿಗಳನ್ನು ಕಳಿಸುವ ಯಂತ್ರ ಅವುಗಳ ಉತ್ತರಗಳನ್ನು ಹೋಲಿಸಿ ಉಪ್ಪಿನ ಪಾಲನ್ನು ಕಳೆದುಹಾಕಬಲ್ಲದು. ನನಗೆ ಮಾರಿದ್ದು ಹಾಗಲ್ಲ, ಮೂರರಲ್ಲಿ ಒಂದನ್ನು ನಾವೇ ಆರಿಸಿಕೊಳ್ಳಬೇಕಾದ ಯಂತ್ರ. ಅದನ್ನೂ ‘ಮಲ್ಟಿ’ ಎಂದು ಕರೆದು ಮಾರಿದರು. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆಯೂ ಉಪ್ಪನ್ನು ಲೆಕ್ಕಿಸುವುದಿಲ್ಲ. ಆದರೆ ಅಂಥ ಯಂತ್ರ ಕಬ್ಬಿಣದ ಮೊಳೆಯನ್ನೂ ನಾಣ್ಯವನ್ನೂ ಸರಿಯಾಗಿ ಬೇರ್ಪಡಿಸಲಾರದು, ಮೈದಾನಕ್ಕೆ ಒಯ್ದರೆ ಸಿಕ್ಕ ಸಿಕ್ಕ ಮೊಳೆಗೆಲ್ಲ ಅಗೆಯುತ್ತಾ ಕೂರಬೇಕು.

ಅಂದಿನ ಗ್ರಹಚಾರ ಅಲ್ಲಿಗೆ ಮುಗಿಯಲಿಲ್ಲ. ನಾಣ್ಯ ತೆಗೆಯಲು ಯಂತ್ರವನ್ನು ಮರಳಿನ ಮೇಲೆ ಮಲಗಿಸಿ ಬಗ್ಗಿದಾಗ ಒಂದು ಸಣ್ಣ ಅಲೆ, ಪಾದ ನೆನೆಯುವಷ್ಟೇ ನೀರು, ಅದರ ಮೇಲೆ ಹರಿದುಹೋಯಿತು. ಹತ್ತು ನಿಮಿಷದಲ್ಲಿ ಪರದೆಯೊಳಗೆ ಮಂಜು ಕಟ್ಟಿತು. ಮನೆಗೆ ಬಂದು ಬ್ಯಾಟರಿ ಮುಚ್ಚಳ ತೆಗೆದರೆ ಒಳಗಿನಿಂದ ಮರಳು ಬೆರೆತ ನೀರು ಸುರಿಯಿತು.

ಅಂಗಡಿಗೆ ಬರೆದೆ. ಮೊದಲ ಉತ್ತರ: ‘ವಾಟರ್‌ಪ್ರೂಫ್ ಎಂದರೆ ಕಾಯಿಲ್ ಮಾತ್ರ, ಕಂಟ್ರೋಲ್ ಬಾಕ್ಸ್ ಅಲ್ಲ. ಕೈಪಿಡಿಯ ಕೊನೆಯ ಪುಟ ನೋಡಿ.’ ಕಂಟ್ರೋಲ್ ಬಾಕ್ಸ್ ಎಂದರೆ ಪರದೆ, ಬ್ಯಾಟರಿ ಇರುವ ಭಾಗ. ಕೈಪಿಡಿ ಸಿಗುವುದು ಪೆಟ್ಟಿಗೆ ಬಿಚ್ಚಿದ ಮೇಲಲ್ಲವೇ? ಎರಡನೆಯ ಉತ್ತರ: ‘ಮೂರು ಫ್ರೀಕ್ವೆನ್ಸಿ ಇರುವುದರಿಂದ ಅದು ಮಲ್ಟಿ ಫ್ರೀಕ್ವೆನ್ಸಿಯೇ.’ ಮೂರನೆಯದರಲ್ಲಿ, ನೀರು ಹೊಕ್ಕ ಯಂತ್ರಕ್ಕೆ ವಾರಂಟಿ ಇಲ್ಲವೆಂದೂ, ನನಗೆ ಬಳಸುವ ಅನುಭವ ಸಾಲದೆಂದೂ, ಬೇಕಿದ್ದರೆ ಇನ್ನೂ ದುಬಾರಿ ಯಂತ್ರವೊಂದರ ಮೇಲೆ 100 ಡಾಲರ್ ರಿಯಾಯಿತಿ ಕೊಡುವುದಾಗಿಯೂ ಬರೆದಿದ್ದರು. ಒದ್ದೆ ಮರಳಿನ ಬಗ್ಗೆ ನಾನು ಹೇಳಿದ್ದೆನಲ್ಲ ಎಂದು ಕೇಳಿದರೆ, ‘ಅಂಥ ಮಾತುಕತೆಯ ದಾಖಲೆ ನಮ್ಮಲ್ಲಿಲ್ಲ’ ಎಂದರು. ನನ್ನ ಅನುಭವವನ್ನು ಹೀಗಳೆದುದಕ್ಕಿಂತ ಈ ಒಂದು ಸಾಲು ಹೆಚ್ಚು ಹೊಟ್ಟೆ ಉರಿಸಿತು.

ಖರೀದಿಗೆ ಮೊದಲು ಮಾರಾಟಗಾರರಿಗೆ ತಿಳಿಸಿದ ಉದ್ದೇಶಕ್ಕೆ ವಸ್ತು ಒದಗದಿದ್ದರೆ ಪರಿಹಾರ ಕೇಳುವ ಹಕ್ಕು 2011ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯನ್ ಗ್ರಾಹಕ ಕಾನೂನಿನಲ್ಲಿದೆ, ಅಂಗಡಿಯ 30 ದಿನಗಳ ನಿಯಮ ಆ ಹಕ್ಕನ್ನು ಕಿತ್ತುಕೊಳ್ಳಲಾರದು. ಆದರೆ ತಿಳಿಸಿದ್ದೆವೆಂದು ತೋರಿಸುವುದು ಹೇಗೆ? ಅದಕ್ಕೇ ಹೇಳುತ್ತೇನೆ, ಫೋನಿನಲ್ಲಿ ಏನನ್ನೂ ಕೇಳಬೇಡಿ, ಬರೆದು ಕೇಳಿ, ಬರೆದ ಉತ್ತರವನ್ನೇ ಪಡೆಯಿರಿ. ಫ್ರೀಕ್ವೆನ್ಸಿಗಳು ಏಕಕಾಲಕ್ಕೆ ಓಡುತ್ತವೆಯೇ, ಕಂಟ್ರೋಲ್ ಬಾಕ್ಸ್ ಸೇರಿದಂತೆ ಇಡೀ ಯಂತ್ರವನ್ನು ಎಷ್ಟು ಮೀಟರ್ ಆಳದವರೆಗೆ ನೀರಿನಲ್ಲಿ ಮುಳುಗಿಸಬಹುದು, ಈ ಎರಡಕ್ಕೂ ನೇರ ಉತ್ತರ ಬಾರದಿದ್ದರೆ ಹಣ ಕೊಡಬೇಡಿ. ಕೊಂಡ ಮೊದಲ ವಾರದಲ್ಲೇ ಒದ್ದೆ ಮರಳಿಗೆ ಒಯ್ದು, ನಾಣ್ಯ ಹೂತು ಪರೀಕ್ಷಿಸಿ.

ಇಲ್ಲಿನ ರಾಜ್ಯ ಸರ್ಕಾರದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾಕ್ಕೆ ದೂರು ಕೊಟ್ಟಿದ್ದೇನೆ. ಜಾಹೀರಾತಿನ ಚಿತ್ರವನ್ನು ತೆಗೆದಿಟ್ಟುಕೊಂಡಿದ್ದರಿಂದ ನನ್ನ ಕೈಯಲ್ಲಿ ಅದೊಂದಾದರೂ ಇದೆ. ನಿನ್ನೆ ರಾತ್ರಿ ಮತ್ತೆ ನೋಡಿದೆ, ಅದೇ ಯಂತ್ರದ ಕೆಳಗೆ ಅದೇ ಎರಡು ಪದಗಳು ಈಗಲೂ ದಪ್ಪ ಅಕ್ಷರಗಳಲ್ಲಿಯೇ ಇವೆ.