ಚೀನೀ ನಿಸರ್ಗಚಿತ್ರಗಳ ಮುದ್ರಿತ ಪ್ರತಿಗಳು: ಕೆಂಪು ಗೆದ್ದಿದೆ, ಹಸಿರು ಸೋತಿದೆ

ಆಧುನಿಕ ಚೀನೀ ನಿಸರ್ಗಚಿತ್ರಗಳ ನಾಲ್ಕು ಮುದ್ರಿತ ಪ್ರತಿಗಳ ಸಂಪುಟವನ್ನು ಅಂಚೆಯಲ್ಲಿ ತರಿಸಿ, ಹುಬ್ಬಳ್ಳಿಯಲ್ಲಿ ಕಟ್ಟು ಹಾಕಿಸಿ, ಧಾರವಾಡದ ನಮ್ಮ ಚಿತ್ರಕಲಾ ತರಗತಿಯ ಗೋಡೆಗೆ ಹಾಕಿದ್ದೇವೆ. ಈ ಚಿತ್ರಗಳಲ್ಲಿ ಅರ್ಥದ ಭಾರವನ್ನೆಲ್ಲ ಬಣ್ಣವೇ ಹೊರುವುದರಿಂದ, ಛಾಯೆ ತುಸು ಜಾರಿದರೂ ಚಿತ್ರದ ಮಾತೇ ಬದಲಾಗುತ್ತದೆ.

ಲಿ ಕೆರಾನ್ ಅವರ ಕೆಂಪು ಬೆಟ್ಟಗಳ ಪ್ರತಿಯೊಂದಕ್ಕೇ ಇಡೀ ಸಂಪುಟದ ಬೆಲೆ ಕೊಡಬಹುದು. ಮಾವೋ 1925ರಲ್ಲಿ ಬರೆದ ಕವಿತೆಯೊಂದರ ಸಾಲನ್ನು ಆಧರಿಸಿ 1962ರಿಂದ 1964ರವರೆಗೆ ಅವರು ಇದೇ ವಸ್ತುವನ್ನು ಏಳು ಬಾರಿ ಬರೆದರು. ಕವಿತೆಯಲ್ಲಿ ಶರತ್ಕಾಲದ ಎಲೆಗಳದಾಗಿದ್ದ ಕೆಂಪು ಇಲ್ಲಿ ಕ್ರಾಂತಿಯದೂ ಆಗಿದೆ. ಹತ್ತಿರ ನಿಂತು ನೋಡಿದರೆ ಇಂಗಳೀಕದ (ಕೆಂಪು ಖನಿಜ ಬಣ್ಣದ) ಚುಕ್ಕೆಗಳ ಸಂದಿಯಲ್ಲಿ ಕಪ್ಪು ಮಸಿಯ ಪದರ ಸ್ಪಷ್ಟವಾಗಿ ಕಾಣುತ್ತದೆ. ಆ ಕಪ್ಪು ಇಲ್ಲದಿದ್ದರೆ ಕೆಂಪಿಗೆ ಗಾಂಭೀರ್ಯ ಬರುತ್ತಿರಲಿಲ್ಲ, ಮುದ್ರಕರು ಅದನ್ನು ಅರಿತು ಉಳಿಸಿಕೊಂಡಿದ್ದಾರೆ.

ಬೀಜಿಂಗ್‌ನ ಜನತಾ ಮಹಾಭವನಕ್ಕಾಗಿ ಫು ಬಾವ್‌ಷಿ ಮತ್ತು ಗುವಾನ್ ಶಾನ್‌ಯುಯೆ 1959ರಲ್ಲಿ ಬರೆದ ಚಿತ್ರದ ಪ್ರತಿ ಅಷ್ಟು ಸಮಾಧಾನ ಕೊಡುವುದಿಲ್ಲ. ಪ್ರಧಾನಿ ಚೌ ಎನ್‌ಲೈ ಅವರ ಸಲಹೆಯಂತೆ ದೊಡ್ಡದಾಗಿಸಿದ ಕೆಂಪು ಸೂರ್ಯ, ಅಂದರೆ ಹೊಸ ಚೀನಾದ ಉದಯ, ಇಲ್ಲಿ ಮಂಕು ಕಿತ್ತಳೆಗೆ ಇಳಿದಿದ್ದಾನೆ.

ಝಾಂಗ್ ದಾಚಿಯನ್ ಅವರ ನೀಲಿ-ಹಸಿರು ಚಿತ್ರದಲ್ಲಂತೂ ಮುದ್ರಣ ಪೂರ್ತಿ ಸೋತಿದೆ. ಕಲ್ಲನ್ನು ಅರೆದು ಮಾಡಿದ ಆ ಎರಡು ಬಣ್ಣಗಳ ಬೆಟ್ಟಗಳು ಪುರಾತನ ಕಾಲವನ್ನೂ ಅಮರರ ಲೋಕವನ್ನೂ ಸೂಚಿಸುತ್ತ ಬಂದಿವೆ. 1113ರ ವಾಂಗ್ ಶಿಮೆಂಗ್ ಅವರ ಸುರುಳಿಚಿತ್ರದ ಆ ಪರಂಪರೆಯನ್ನು ದಾಚಿಯನ್ ಬಣ್ಣ ಸುರಿದು ಹರಿಯಬಿಡುವ ರೀತಿಯಲ್ಲಿ ಮುಂದುವರಿಸಿದರು. ಖನಿಜದ ಕಣ ಬೆಳಕಿಗೆ ಮಿನುಗುವ ಗುಣ ನಾಲ್ಕು ಬಣ್ಣಗಳ ಮುದ್ರಣಕ್ಕೆ ದಕ್ಕದೆ, ಬೆಟ್ಟವು ಆಯಿಲ್ ಪೇಂಟ್ ಬಳಿದ ಬಾಗಿಲಿನಂತೆ ಕಾಣುತ್ತದೆ.

ವು ಗುವಾನ್‌ಝಾಂಗ್ ಅವರ ಜಿಯಾಂಗ್‌ನಾನ್ (ಯಾಂಗ್ಟ್ಸಿ ನದಿಯ ದಕ್ಷಿಣದ ಸೀಮೆ) ಮನೆಗಳ ಚಿತ್ರದಲ್ಲಿ ಬಣ್ಣ ಹಚ್ಚದೆ ಬಿಟ್ಟ ಕಾಗದವೇ ಗೋಡೆಯೂ ನೀರೂ ಆಗುತ್ತದೆ. ಚೀನಾದಲ್ಲಿ ಬಿಳಿ ಶೋಕದ ಬಣ್ಣವೆಂಬುದು ನಿಜವಾದರೂ ಇಲ್ಲಿ ಆ ಅರ್ಥ ಹುಡುಕಬೇಕಿಲ್ಲ. ಮುದ್ರಣದಲ್ಲಿ ದೋಷವಿಲ್ಲ, ಕಟ್ಟಿನ ಅಂಗಡಿಯವರು ಹಾಕಿದ ಅಚ್ಚ ಬಿಳಿ ಮೌಂಟ್ (ಚಿತ್ರದ ಸುತ್ತಲಿನ ರಟ್ಟಿನ ಅಂಚು) ಮಾತ್ರ ಚಿತ್ರದ ಬಿಳಿಯನ್ನು ಹಳದಿಯಾಗಿ ತೋರಿಸಿತು. ಬೂದು ಮೌಂಟ್ ಹಾಕಿಕೊಟ್ಟ ಮೇಲೆ ಸರಿಹೋಯಿತು. ಬಿಡಿಯಾಗಿ ಸಿಗುವುದಾದರೆ ಮೊದಲನೆಯದನ್ನೂ ಕೊನೆಯದನ್ನೂ ಕೊಳ್ಳಿರಿ.