ಟೆಕ್ಸಾ, ಝಾಗೋರಾ, ದಿಯಾಬೋಲಿಕಾ? ಇಟಲಿಯ ಹಳೇ ಕಾಮಿಕ್ಸ್ ಪಕ್ಕಪಕ್ಕ ಇಟ್ಕೊಂಡು ಓದಿದ್ಮೇಲೆ

ಇಟಲಿಯಲ್ಲಿ ಐವತ್ತು ದಾಟಿದ ಯಾರ ಹತ್ರಾನೇ ಆಗ್ಲಿ ಹಳೇ ಕಾಮಿಕ್ಸ್ ಮಾತು ತೆಗೆದ್ರೆ ಸ್ವಲ್ಪ ಹೊತ್ತಲ್ಲೇ ನೀನು ಕೌಬಾಯ್ ಟೆಕ್ಸ್ ಕಡೆನೋ ಕಾಡಿನ ಹೀರೋ ಝಾಗೋರ್ ಕಡೆನೋ ಅನ್ನೋ ಪ್ರಶ್ನೆ ಬಂದೇ ಬರುತ್ತೆ, ನಮ್ಮಲ್ಲಿ ನೀನು ಅಣ್ಣಾವ್ರ ಫ್ಯಾನಾ ವಿಷ್ಣು ಫ್ಯಾನಾ ಅಂತ ಕೇಳ್ದಂಗೆ, ಎರಡೂ ಇಷ್ಟ ಅಂದ್ರೆ ಒಪ್ಪೋದೇ ಇಲ್ಲ. ನಾನು ಟ್ಯೂರಿನ್‌ಗೆ ಬಂದಿದ್ದು ಕೆಲಸಕ್ಕೆ, ದೊಡ್ಡವನಾದ್ಮೇಲೆ. ನನ್ನ ಚಿಕ್ಕಂದಿನಲ್ಲಿ ಇದ್ದಿದ್ದು ಇಂದ್ರಜಾಲ ಕಾಮಿಕ್ಸಿನ ಫ್ಯಾಂಟಮ್ಮು, ಮಾಂಡ್ರೇಕು, ಆಮೇಲೆ ಅಮರ ಚಿತ್ರಕಥೆ. ಹಂಗಾಗಿ ಇವರೆಲ್ಲ ಕಣ್ಣು ತುಂಬ್ಕೊಂಡು ಹೇಳೋ ನೆನಪು ನಂದಲ್ಲ, ಆದ್ರೆ ಅದೇ ಒಂದು ಲಾಭ ಅನ್ಸುತ್ತೆ ನಂಗೆ, ಅಜ್ಜನ ಮನೆ ಅಟ್ಟದ ವಾಸನೆ ಇಲ್ದೇನೂ ಈ ಪುಸ್ತಕಗಳು ನಿಲ್ತಾವಾ ಅಂತ ನೋಡ್ಬಹುದು. ಇಲ್ಲಿ ಪೋರ್ತಾ ಪಲಾತ್ಸೊ ಹಿಂದೆ ಬಾಲೂನ್ ಅಂತ ಶನಿವಾರದ ಹಳೇ ಸಾಮಾನಿನ ಸಂತೆ ಇದೆ, ಅಲ್ಲಿ ರಟ್ಟಿನ ಡಬ್ಬಗಳಲ್ಲಿ ಇವೆಲ್ಲ ಅಗ್ಗಕ್ಕೆ ಸಿಗ್ತಾವೆ, ಅಲ್ಲಿಂದ ಹೊತ್ಕೊಂಡು ಬಂದು ಓದಿದ್ದರ ಮೇಲೆ ಈ ಹೋಲಿಕೆ.

ಮೊದಲು ಟೆಕ್ಸ್, ಯಾಕಂದ್ರೆ ಎಲ್ಲರೂ ಅಲ್ಲಿಂದಾನೇ ಶುರು ಮಾಡು ಅಂತಾರೆ. ಟೆಕ್ಸ್ ವಿಲ್ಲರ್ ಹುಟ್ಟಿದ್ದು 1948ರ ಸೆಪ್ಟೆಂಬರಲ್ಲಿ, ಕಥೆ ಜಾನ್‌ಲುಯಿಜಿ ಬೊನೆಲ್ಲಿ, ಚಿತ್ರ ಔರೇಲಿಯೊ ಗಲ್ಲೆಪ್ಪಿನಿ, ಎಲ್ಲರೂ ಕರೆಯೋದು ಗಲೇಪ್ ಅಂತಾನೇ. ಮಜಾ ಏನಂದ್ರೆ ಆಗ ಪ್ರಕಾಶಕರು ದೊಡ್ಡ ಹಿಟ್ಟಾಗುತ್ತೆ ಅಂತ ನಂಬಿದ್ದು ಇದನ್ನಲ್ಲ, ಒಕ್ಕಿಯೊ ಕೂಪೊ ಅಂತ ಇನ್ನೊಂದು ದೊಡ್ಡ ಸೈಜಿನ ಸೀರೀಸನ್ನ, ಗಲೇಪ್ ಹಗಲೆಲ್ಲ ಅದಕ್ಕೆ ಮೈ ಬಗ್ಗಿಸಿ ರಾತ್ರಿ ಉಳಿದ ಟೈಮಲ್ಲಿ ಟೆಕ್ಸ್ ಬರೀತಿದ್ರಂತೆ. ಆ ಒಕ್ಕಿಯೊ ಕೂಪೊ ಬೇಗ ನಿಂತೋಯ್ತು, ಟೆಕ್ಸ್ ಇವತ್ತಿಗೂ ಪ್ರತಿ ತಿಂಗಳು ಬರ್ತಿದೆ. ಶುರುವಲ್ಲಿ ಇದು ಅಡ್ಡಕ್ಕೆ ಉದ್ದ ಇರೋ, ಜೇಬಲ್ಲಿ ತುರುಕಬಹುದಾದಷ್ಟು ಪುಟಾಣಿ ಪಟ್ಟಿ ಪುಸ್ತಕ, ಪುಟಕ್ಕೆ ಒಂದೇ ಸಾಲು ಚಿತ್ರ. ಆಮೇಲೆ ಅವನ್ನೇ ಒಂದರ ಕೆಳಗೊಂದು ಜೋಡಿಸಿ ದೊಡ್ಡ ಪುಸ್ತಕ ಮಾಡಿದ್ರು, ಈಗ ಬೊನೆಲ್ಲಿ ಸೈಜ್ ಅಂತ ಎಲ್ಲರಿಗೂ ಗೊತ್ತಿರೋ ಆಕಾರ ಅದೇ. ಹಳೇ ಕಥೆ ಓದುವಾಗ ಇದು ಗೊತ್ತಿರ್ಬೇಕು, ಇಲ್ಲಾಂದ್ರೆ ಪ್ರತಿ ಮೂರ್ನಾಲ್ಕು ಚಿತ್ರಕ್ಕೊಂದ್ಸಲ ಯಾಕೆ ಗುಂಡು ಹಾರುತ್ತೆ, ಯಾಕೆ ಯಾರೋ ಬಾಗಿಲು ಒದ್ದು ಬರ್ತಾರೆ ಅಂತ ತಲೆ ಕೆಡುತ್ತೆ. ಪಟ್ಟಿ ಮುಗಿಯೋ ಜಾಗದಲ್ಲಿ ಏನಾದ್ರೂ ಆಗ್ಲೇಬೇಕಿತ್ತು, ಅಷ್ಟೇ.

ಕಥೆಯಾಗಿ ಟೆಕ್ಸ್ ನಂಗೆ ಅರ್ಧ ಇಷ್ಟ. ನಾಯಕ ಯಾವತ್ತೂ ತಪ್ಪಲ್ಲ, ಯಾವತ್ತೂ ಸೋಲಲ್ಲ, ನೂರು ಪುಟದಲ್ಲಿ ಮೂವತ್ತು ಪುಟ ಬರೀ ಹೊಡೆದಾಟ, ಆಮೇಲೆ ದೊಡ್ಡ ಸ್ಟೇಕು ಆಲೂಗಡ್ಡೆ ಫ್ರೈ ಆರ್ಡರ್ ಮಾಡೋದು. ಆದ್ರೆ ಆಗಿನ ಕಾಲದಲ್ಲೇ ಒಬ್ಬ ಬಿಳಿ ಕೌಬಾಯ್‌ನ ನವಾಹೊ ಹುಡುಗಿ ಲಿಲಿತ್ ಜೊತೆ ಮದುವೆ ಮಾಡ್ಸಿ, ಅವನನ್ನ ನವಾಹೊಗಳ ನಾಯಕನ್ನೇ ಮಾಡಿ, ಇಂಡಿಯನ್ನರ ಪರ ನಿಲ್ಸೋ ಐಡಿಯಾ ಇತ್ತು ಅಲ್ವಾ, ಅದು ಸಣ್ಣ ವಿಷಯ ಅಲ್ಲ, ಹಾಲಿವುಡ್ಡು ಇನ್ನೂ ಅವರನ್ನ ಗುಂಪುಗುಂಪಾಗಿ ಕುದುರೆಯಿಂದ ಬೀಳಿಸ್ತಿದ್ದ ಕಾಲ ಅದು. ಲಿಲಿತ್ ಸಾಯೋದು ಸಿಡುಬಿನ ಸೋಂಕಿರೋ ಕಂಬಳಿಗಳಿಂದ, ಆ ಕಥೆ ಓದಿದ ದಿನ ಮಾತ್ರ ನಮ್ಮ ಆಫೀಸಿನವರು ಯಾಕೆ ಈ ಟೆಕ್ಸ್ ಬಗ್ಗೆ ಹಂಗೆ ಮಾತಾಡ್ತಾರೆ ಅಂತ ಪೂರ್ತಿ ಅರ್ಥ ಆಯ್ತು.

ಝಾಗೋರ್ ಇದಕ್ಕೆ ಉಲ್ಟಾ. 1961ರಲ್ಲಿ ಶುರು, ಬರೆದಿದ್ದು ಗ್ವಿದೊ ನೊಲಿತ್ತಾ, ಅಂದ್ರೆ ಬೊನೆಲ್ಲಿ ಅವರ ಮಗ ಸೆರ್ಜೊ ಬೊನೆಲ್ಲಿನೇ ಬೇರೆ ಹೆಸರಲ್ಲಿ, ಅಪ್ಪನೂ ಬರೆಯೋನು ಮಗನೂ ಬರೆಯೋನು ಗೊಂದಲ ಬೇಡ ಅಂತ ಇರ್ಬೇಕು. ಡಾರ್ಕ್‌ವುಡ್ ಅನ್ನೋ ಕಾಡು, ಕೆಂಪು ಅಂಗಿ, ಕಲ್ಲಿನ ಕೊಡಲಿ, ಬಳ್ಳಿ ಹಿಡ್ಕೊಂಡು ಕಿರುಚ್ತಾ ಬರೋ ಹೀರೋ, ಅವನನ್ನ ದೇವರು ಕಳಿಸಿದ ಆತ್ಮ ಅಂತ ನಂಬೋ ಬುಡಕಟ್ಟಿನವರು. ಫ್ಯಾಂಟಮ್ ಓದಿ ಬೆಳೆದ ನಮ್ಮಂಥವರಿಗೆ ಇದು ಸಲೀಸಾಗಿ ಒಳಗೆ ಇಳಿಯುತ್ತೆ. ಜೊತೆಗೆ ಚೀಕೊ ಅನ್ನೋ ಹೊಟ್ಟೆಬಾಕ ಮೆಕ್ಸಿಕನ್ ಗೆಳೆಯ, ಅವನ ಪೂರ್ತಿ ಹೆಸರು ಹೇಳೋಕೆ ಒಂದು ಇಡೀ ಮಾತಿನ ಗುಳ್ಳೆನೇ ಬೇಕು. ಒಂದು ತಿಂಗಳು ಇಂಡಿಯನ್ನರ ಜಗಳ, ಮುಂದಿನ ತಿಂಗಳು ರಕ್ತ ಕುಡಿಯೋ ಬ್ಯಾರನ್, ಅದರ ಮುಂದೆ ಹೆಲ್ಲಿಂಗೆನ್ ಅನ್ನೋ ಹುಚ್ಚು ವಿಜ್ಞಾನಿ ದೈತ್ಯ ರೋಬೋ ಮಾಡ್ಕೊಂಡು ಬರ್ತಾನೆ, ಆ ಕಾಲದ ಅಮೆರಿಕದಲ್ಲಿ ರೋಬೋ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ, ಕೇಳ್ಬಾರ್ದು ಕೂಡ. ಟೆಕ್ಸ್ ಓದುವಾಗ ಮುಂದೇನಾಗುತ್ತೆ ಅಂತ ಗೊತ್ತಿರುತ್ತೆ, ಝಾಗೋರ್‌ನಲ್ಲಿ ಯಾವ ಜಾನರ್‌ನಲ್ಲಿ ಇದ್ದೀನಿ ಅನ್ನೋದೇ ಗೊತ್ತಿರಲ್ಲ. ಟರ್ಕಿಯಲ್ಲಿ, ಹಳೇ ಯುಗೊಸ್ಲಾವಿಯದ ದೇಶಗಳಲ್ಲಿ ಇವನಿಗೆ ಇರೋ ಹುಚ್ಚು ಅಭಿಮಾನಿಗಳನ್ನ ನೋಡಿದ್ರೆ ಈ ಮಿಕ್ಸ್ಚರ್ ನಂಗೊಬ್ಬನಿಗೇ ಹಿಡಿಸಿದ್ದಲ್ಲ ಅಂತ ಗ್ಯಾರಂಟಿ ಆಗುತ್ತೆ.

ಚಿತ್ರದ ಲೆಕ್ಕಕ್ಕೆ ಬಂದ್ರೆ ಮಾತ್ರ ಮಾತು ತಿರುಗುತ್ತೆ. ಝಾಗೋರ್ ಅಂದ್ರೆ ಗಲ್ಲಿಯೆನೊ ಫೆರ್ರಿ, ಮೊದಲ ಸಂಚಿಕೆಯಿಂದ 2016ರಲ್ಲಿ ಸಾಯೋವರೆಗೂ ಮುಖಪುಟ ಎಲ್ಲಾ ಅವರದೇ, ಒಂದೇ ಕೈ, ಐವತ್ತು ವರ್ಷಕ್ಕೂ ಮೇಲೆ. ದಪ್ಪ ಗೆರೆ, ಬೇಗ ಬೇಗ ಎಳೆದಿದ್ದು, ಮರಗಳೆಲ್ಲ ಯಾವಾಗಲೂ ಯಾರನ್ನೋ ಹಿಡಿಯೋಕೆ ಕೈ ಚಾಚಿದಂಗೆ. ಟೆಕ್ಸ್‌ನಲ್ಲಿ ಗಲೇಪ್ ಒಬ್ಬರೇ ಎಲ್ಲಾ ಮಾಡೋಕೆ ಆಗ್ದೆ ಬೇರೆ ಕಲಾವಿದರು ಬಂದ್ರಲ್ಲ, ಅದೇ ಟೆಕ್ಸ್‌ಗೆ ವರವಾಯ್ತು ಅಂತೀನಿ. ಜೊವಾನ್ನಿ ತಿಚ್ಚಿ ಬರೆದ ಮರುಭೂಮಿ ನೋಡಿ, ನಾಲ್ಕು ಅಡ್ಡ ಗೆರೆ, ಮೂರು ಕುದುರೆ, ಉಳಿದಿದ್ದೆಲ್ಲ ಖಾಲಿ ಬಿಳಿ ಹಾಳೆ, ಆದ್ರೂ ಬಿಸಿಲು ಕಣ್ಣಿಗೆ ಚುಚ್ಚುತ್ತೆ. ಗಲೇಪ್ 400ನೇ ಸಂಚಿಕೆವರೆಗೆ ಮುಖಪುಟ ಬರೆದು 1994ರಲ್ಲಿ ತೀರ್ಕೊಂಡ್ರು, 401ರಿಂದ ಕ್ಲೌದಿಯೊ ವಿಲ್ಲಾ. ವಿಲ್ಲಾ ಟೆಕ್ನಿಕಲ್ಲಾಗಿ ಗಲೇಪ್‌ಗಿಂತ ಜಾಸ್ತಿ ಬಲ್ಲವರು, ಅಂಗಿ ಮಡಿಕೆ ಬೂಟಿನ ಚರ್ಮ ಎಲ್ಲಾ ಪಕ್ಕಾ, ಆದ್ರೂ ಹಳಬರು ಗಲೇಪ್ ಮುಖಪುಟದ ಆ ಹಳದಿ ಆಕಾಶಕ್ಕೇ ಬಾಯ್ಬಿಡ್ತಾರೆ, ಈ ಒಂದು ವಿಷಯದಲ್ಲಿ ನಾನು ಹಳಬರ ಕಡೆಗೇ.

ಇಲ್ಲಿ ಇನ್ನೊಂದು ಹೋಲಿಕೆ ಸೇರಿಸ್ಲೇಬೇಕು, ಕಪ್ಪು ಬಿಳುಪಾ ಕಲರ್ರಾ ಅಂತ. ಟೆಕ್ಸ್‌ನ ಹಳೇ ಕಥೆಗಳೆಲ್ಲ 2007ರಿಂದ ದಿನಪತ್ರಿಕೆ ಜೊತೆ ಕಲರ್ ಸಂಪುಟವಾಗಿ ಬಂದ್ವು, ಬಾಲೂನಲ್ಲಿ ಅವೇ ರಾಶಿ. ಒಂದೇ ಕಥೆ ಎರಡೂ ರೂಪದಲ್ಲಿ ಪಕ್ಕದಲ್ಲಿಟ್ಟು ಪುಟಪುಟ ನೋಡಿದೆ. ಹಳೇ ಗಲೇಪ್ ಪುಟಗಳಿಗೆ, ಅಂದ್ರೆ 48, 50ರ ಆತುರದ ಕೆಲಸಕ್ಕೆ, ಕಲರ್ ಸಹಾಯನೇ ಮಾಡುತ್ತೆ, ಯಾರು ಯಾರು ಅಂತ ಬೇಗ ಗೊತ್ತಾಗುತ್ತೆ. ಆದ್ರೆ ತಿಚ್ಚಿ ಪುಟಕ್ಕೆ ಕಲರ್ ಹಚ್ಚೋದು ಪಾಪ. ಅವರು ಬಿಸಿಲು ಅಂತ ಬಿಟ್ಟಿದ್ದ ಬಿಳಿ ಜಾಗಕ್ಕೆಲ್ಲ ಯಾರೋ ಕಿತ್ತಳೆ ತುಂಬಿ ಬಿಟ್ಟಿದ್ದಾರೆ, ಮುಗೀತು ಕಥೆ. ಡಬ್ಬದಲ್ಲಿ ಎರಡೂ ಕಂಡ್ರೆ ಕಪ್ಪು ಬಿಳುಪೇ ತಗೊಳ್ಳಿ, ಕಾಗದ ಹಳದಿ ಆಗಿದ್ರೂ ಪರವಾಗಿಲ್ಲ.

ದಿಯಾಬೋಲಿಕ್ ಬೇರೆನೇ ಲೋಕ. ಮಿಲಾನಿನ ಆಂಜೆಲಾ ಜ್ಯುಸ್ಸಾನಿ, ಲುಚಾನಾ ಜ್ಯುಸ್ಸಾನಿ ಅಂತ ಅಕ್ಕ ತಂಗಿ, 1962ರ ನವೆಂಬರಲ್ಲಿ ಶುರು ಮಾಡಿದ್ದು, ಕಾದೋರ್ನಾ ಸ್ಟೇಷನ್ನಿಂದ ದಿನಾ ಓಡಾಡೋ ರೈಲು ಜನಕ್ಕೆ ಒಂದು ಪ್ರಯಾಣದಲ್ಲಿ ಮುಗಿಯೋಂಥದ್ದು, ಕೋಟಿನ ಜೇಬಲ್ಲಿ ಹಿಡಿಯೋಂಥದ್ದು ಬೇಕು ಅಂತ ಲೆಕ್ಕ ಹಾಕಿ. ಪುಟಕ್ಕೆ ಎರಡೋ ಮೂರೋ ಚಿತ್ರ ಅಷ್ಟೇ. ಟ್ಯೂರಿನ್ ಮಿಲಾನ್ ರೈಲಲ್ಲಿ ಕೂತು ಟೆಸ್ಟ್ ಮಾಡಿದೀನಿ, ವೆರ್ಚೆಲ್ಲಿಯ ಭತ್ತದ ಗದ್ದೆ ದಾಟಿ ನೊವಾರಾ ಬರೋಷ್ಟೊತ್ತಿಗೆ ಒಂದು ಪುಸ್ತಕ ಆರಾಮಾಗಿ ಮುಗಿಯುತ್ತೆ, ರೈಲು ಅಲ್ಲಾಡಿದ್ರೂ ಕಣ್ಣು ತಪ್ಪಲ್ಲ. ಟೆಕ್ಸ್ ಅದೇ ಸೀಟಲ್ಲಿ ಓದೋದು ಕಷ್ಟ, ಅಕ್ಷರ ಸಣ್ಣದು, ಮಾತು ಜಾಸ್ತಿ. ಇಟಾಲಿಯನ್ ಕಲೀತಿರೋರಿಗೂ ದಿಯಾಬೋಲಿಕ್ಕೇ ವಾಸಿ, ವಾಕ್ಯ ಚಿಕ್ಕದು, ವಜ್ರ, ಖಜಾನೆ, ಮುಖವಾಡ, ಪೊಲೀಸ್, ಇದೇ ಪದಗಳು ತಿರುಗಿ ತಿರುಗಿ ಬರ್ತಾವೆ.

ಹೀರೋ ಕಳ್ಳ, ಕೊಲೆಗಾರ ಕೂಡ, ಕಪ್ಪು ಜಾಗ್ವಾರ್ ಇ-ಟೈಪ್ ಕಾರು, ಯಾರ ಮುಖ ಬೇಕಾದ್ರೂ ಹಾಕ್ಕೊಳ್ಳೋ ಮಾಸ್ಕು, ಹಿಂದೆ ಬಿದ್ದು ಯಾವತ್ತೂ ಹಿಡಿಯೋಕಾಗದ ಇನ್ಸ್‌ಪೆಕ್ಟರ್ ಜಿಂಕೊ. ಆದ್ರೆ ನನ್ನ ಪ್ರಕಾರ ಈ ಸೀರೀಸ್ ನಿಂತಿರೋದು ಏವಾ ಕಾಂತ್ ಮೇಲೆ. ಮೂರನೇ ಸಂಚಿಕೆಯಲ್ಲಿ ಬಂದು ಅವನನ್ನ ಗಿಲೊಟಿನ್‌ನಿಂದ ಬಚಾವ್ ಮಾಡೋದೇ ಅವಳು, ಮೊದಮೊದಲು ಅವನು ಹೇಳಿದ್ದಕ್ಕೆಲ್ಲ ತಲೆ ಆಡಿಸ್ತಿದ್ದವಳು ವರ್ಷ ಕಳೆದಂಗೆ ಸರಿಸಮ ಪಾರ್ಟ್‌ನರ್ ಆಗ್ತಾಳೆ, ಅರವತ್ತರ ದಶಕದ ಇಟಲಿಯಲ್ಲಿ ಮದುವೆ ಇಲ್ದೆ ಒಟ್ಟಿಗಿರೋ ಜೋಡಿನ ಹೆಂಗಸರಿಬ್ಬರು ಬರೆದು ನ್ಯೂಸ್‌ಸ್ಟ್ಯಾಂಡಲ್ಲಿ ಮಾರಿದ್ರು ಅಂದ್ರೆ ಧೈರ್ಯ ನೋಡಿ. ಆಗ ಇಂಥ ಕಪ್ಪು ಕಾಮಿಕ್ಸ್, ಅಂದ್ರೆ ಕಳ್ಳರು ಕೊಲೆಗಾರರೇ ಹೀರೋ ಆಗಿರೋ ಕಾಮಿಕ್ಸ್ ಮೇಲೆ ಕೋರ್ಟು ಕೇಸು ಎಲ್ಲಾ ಆಗಿತ್ತು. ಚಿತ್ರದಲ್ಲಿ ಮಾತ್ರ ದಿಯಾಬೋಲಿಕ್ ಸ್ವಲ್ಪ ಹಿಂದೆ, ಅಚ್ಚುಕಟ್ಟು ಇದೆ, ಬೆರಗಿಲ್ಲ. ಎನ್ತ್ಸೊ ಫಾಚೊಲೊ ಬಂದ ಮೇಲೇ ಆ ಮುಖಕ್ಕೆ ಒಂದು ರೂಪ ಬಂದಿದ್ದು, ನಟ ರಾಬರ್ಟ್ ಟೇಲರ್ ಕಣ್ಣು ಹುಬ್ಬು. ಮೊದಲ ಸಂಚಿಕೆಯ ಚಿತ್ರ ಬರೆದ ಆಂಜೆಲೊ ತ್ಸಾರ್ಕೋನೆ ಕಥೆ ಅಂತೂ ಪತ್ತೇದಾರಿನೇ, ಪುಟಗಳನ್ನ ಕೊಟ್ಟು ಆಸಾಮಿ ಮಾಯ, ಇಪ್ಪತ್ತು ವರ್ಷ ಆದ್ಮೇಲೆ ಆ ಅಕ್ಕ ತಂಗಿ ಫೇಮಸ್ ಡಿಟೆಕ್ಟಿವ್ ತೋಮ್ ಪೊಂತ್ಸಿನ ಇಟ್ಟು ಹುಡುಕಿಸಿದ್ರೂ ಸಿಗ್ಲಿಲ್ಲ.

ಡಿಲನ್ ಡಾಗ್ 1986ರದ್ದು, ಹಂಗಾಗಿ ಇದನ್ನ ಕ್ಲಾಸಿಕ್ ಅನ್ನಬಹುದಾ ಅಂತ ಹಳಬರು ಮೂಗು ಮುರೀತಾರೆ. ಈಗ ನಲವತ್ತೈದು ಐವತ್ತರ ಆಸುಪಾಸು ಇರೋರಿಗೆ ಇದೇ ಬಾಲ್ಯ. ಲಂಡನ್ನಿನ ಕ್ರೇವನ್ ರೋಡ್ ಏಳನೇ ನಂಬರ್ ಮನೆ, ದೆವ್ವ ಭೂತದ ಕೇಸ್ ಹಿಡಿಯೋ ಪತ್ತೇದಾರ, ಮುಖ ನಟ ರೂಪರ್ಟ್ ಎವರೆಟ್‌ದು, ಅಸಿಸ್ಟೆಂಟು ಗ್ರೌಚೊ ಮಾರ್ಕ್ಸ್ ತದ್ರೂಪಿ, ಸದಾ ಕೆಟ್ಟ ಜೋಕು. ಬರೆದ ತಿತ್ಸಿಯಾನೊ ಸ್ಕ್ಲಾವಿ ಒಳ್ಳೇ ಮೂಡಲ್ಲಿದ್ದಾಗ ಉಳಿದ ಯಾವ ಸೀರೀಸೂ ಹತ್ರ ಬರಲ್ಲ. 19ನೇ ಸಂಚಿಕೆಯ ಯಾರ ಕಣ್ಣಿಗೂ ಬೀಳದ ಮನುಷ್ಯ, 81ನೇ ಸಂಚಿಕೆಯ ಜಾನಿ ಫ್ರೀಕ್, ಇವೆರಡು ಓದಿ ಏನೂ ಅನ್ನಿಸದೇ ಇದ್ರೆ ನನ್ನ ಹೋಲಿಕೆನೇ ಬಿಟ್ಬಿಡಿ. ಆದ್ರೆ ಏರುಪೇರು ಜಾಸ್ತಿ, ಡಬ್ಬದಿಂದ ಕಣ್ಮುಚ್ಚಿ ಎತ್ತಿದ್ರೆ ಸಪ್ಪೆ ಸಿಗೋ ಚಾನ್ಸೇ ಹೆಚ್ಚು, ಹುಡುಗಿ ಬರ್ತಾಳೆ ಪ್ರೀತಿ ಆಗುತ್ತೆ ಸಾಯ್ತಾಳೆ ಅನ್ನೋ ಫಾರ್ಮುಲಾ ಕೂಡ ಬೇಗ ಬೇಜಾರು ಹಿಡಿಸುತ್ತೆ. ಸಪ್ಪೆ ಕಥೆಯಲ್ಲೂ ಆಂಜೆಲೊ ಸ್ತಾನೊ ಅಥವಾ ಕೊರ್ರಾದೊ ರೋಯ್ ಚಿತ್ರ ಇದ್ರೆ ಕಾಸು ವಸೂಲಿ, ಸ್ತಾನೊ ಕೈಯಲ್ಲಿ ಎಗೋನ್ ಷೀಲೆ ಪೇಂಟಿಂಗಿನ ಆ ಮೂಳೆ ಮೂಳೆ ಬೆರಳುಗಳು ಎದ್ದು ಕಾಣ್ತಾವೆ.

ಕೊರ್ತೊ ಮಾಲ್ತೆಸೆ ಅನ್ನೋ ನಾವಿಕನ ಕಥೆನ ಈ ಸಾಲಿಗೆ ಸೇರಿಸೋದೇ ಅನ್ಯಾಯ ಅಂತ ಒಬ್ಬ ಅಂಗಡಿಯವ ನಂಗೆ ಬೈದಿದ್ದ. ಹ್ಯೂಗೊ ಪ್ರಾತ್ 1967ರಲ್ಲಿ ಜೆನೋವಾದ ಒಂದು ಪತ್ರಿಕೆಯಲ್ಲಿ ಶುರು ಮಾಡಿದ್ದು, ಪೆಸಿಫಿಕ್ ಸಮುದ್ರ, 1913ರ ಇಸವಿ, ತೆಪ್ಪಕ್ಕೆ ಕೈ ಕಾಲು ಕಟ್ಟಿ ಬಿಟ್ಟ ಸ್ಥಿತಿಯಲ್ಲಿ ಹೀರೋ ಎಂಟ್ರಿ. ಪ್ರಾತ್ ಆಗಲೇ ಇಥಿಯೋಪಿಯಾ, ವೆನಿಸ್, ಅರ್ಜೆಂಟಿನಾ ಎಲ್ಲಾ ಕಡೆ ಬದುಕಿ ಬಂದಿದ್ದ ಮನುಷ್ಯ, ಅದು ಪುಟದಲ್ಲಿ ಕಾಣುತ್ತೆ, ಒಂದು ಬ್ರಷ್ ಹೊಡೆತಕ್ಕೆ ಒಂದು ಕಡಲಹಕ್ಕಿ. ಚಿತ್ರಕ್ಕೆ ಫಸ್ಟ್ ಪ್ರೈಜ್ ಇದಕ್ಕೇ, ಎರಡು ಮಾತಿಲ್ಲ. ಆದ್ರೆ ಇದು ರೈಲಲ್ಲಿ ಓದೋದಲ್ಲ, ಇತಿಹಾಸ ಗೊತ್ತಿಲ್ದಿದ್ರೆ ಅರ್ಧ ತಲೆ ಮೇಲೆ ಹೋಗುತ್ತೆ, ಇಟಾಲಿಯನ್ ಕೂಡ ಕಷ್ಟದ್ದು. ಇಂಗ್ಲಿಷ್ ಅನುವಾದ ಸಿಗುತ್ತೆ, ಅದನ್ನ ಓದಿ ಚಿತ್ರಕ್ಕೆ ಇಟಾಲಿಯನ್ ಪುಸ್ತಕ ತೆರೆದಿಟ್ಕೊಳ್ಳೋದು ನನ್ನ ದಾರಿ.

ಊರಲ್ಲಿ ಕೂತು ಟ್ರೈ ಮಾಡ್ಬೇಕು ಅನ್ನೋರಿಗೆ ಒಂದು ಮಾತು, ಕನ್ನಡದಲ್ಲಿ ನಾನಂತೂ ಇವನ್ನ ನೋಡಿಲ್ಲ, ಆದ್ರೆ ಪಕ್ಕದ ತಮಿಳಲ್ಲಿ ಶಿವಕಾಶಿಯ ಲಯನ್ ಕಾಮಿಕ್ಸ್‌ನವರು ಎಂಬತ್ತರ ದಶಕದಿಂದ ಟೆಕ್ಸ್ ತರ್ತಿದ್ದಾರೆ, ಅಲ್ಲಿ ಅವನಿಗೆ ಸ್ಟಾರ್ ಲೆವೆಲ್ ಅಭಿಮಾನಿಗಳಿದ್ದಾರೆ. ತಮಿಳು ಓದೋಕೆ ಬರೋ ಬೆಂಗಳೂರಿನವರು ಪುಣ್ಯವಂತರು. ನಂಗೆ ಓದೋಕೆ ಬರಲ್ಲ, ಗೆಳೆಯ ಓದಿ ಹೇಳ್ದಾಗ ಟೆಕ್ಸ್ ಇಟಾಲಿಯನ್‌ಗಿಂತ ಖಾರವಾಗೇ ಕೇಳಿಸ್ದ.

ಹಂಗಾದ್ರೆ ಮೊದಲು ಯಾವುದು ತಗೊಳ್ಲಿ ಅಂದ್ರೆ, ಓದೋ ಖುಷಿಗೆ ಎಪ್ಪತ್ತರ ದಶಕದ ಝಾಗೋರ್, ಭಾಷೆ ಕಲಿಯೋಕೆ ದಿಯಾಬೋಲಿಕ್, ಟೆಕ್ಸ್ ಆದ್ರೆ ತಿಚ್ಚಿ ಹೆಸರು ನೋಡ್ಕೊಂಡೇ ತಗೊಳ್ಳಿ. ಒಂದೇ ಒಂದು ಅಪವಾದ ಇದೆ, ಟೆಕ್ಸೋನೆ ಅಂತ ಟೆಕ್ಸ್‌ನ ದೊಡ್ಡ ಸೈಜಿನ ವಿಶೇಷ ಸಂಚಿಕೆಗಳು 1988ರಿಂದ ಬರ್ತಿವೆ, ಅದರಲ್ಲಿ ಮಾಗ್ನುಸ್ ಅನ್ನೋ ಕಲಾವಿದ ಚಿತ್ರ ಬರೆದಿದ್ದೊಂದು. ಕ್ರಿಮಿನಲ್, ಸತಾನಿಕ್, ಅಲನ್ ಫೋರ್ಡ್ ಅನ್ನೋ ಸೀರೀಸೆಲ್ಲಾ ಚಕಚಕ ಅಂತ ಬರೆದು ಬಿಸಾಕಿದ್ದ ಅದೇ ಮಾಗ್ನುಸ್ ಈ ಒಂದು ಪುಸ್ತಕಕ್ಕೆ ಏಳು ವರ್ಷ ತಗೊಂಡ, ಒಂದೊಂದು ಎಲೆ ಒಂದೊಂದು ಕಲ್ಲು ಬಿಡಿಬಿಡಿಯಾಗಿ ಎಳೆದ, 1996ರಲ್ಲಿ ಅದು ಅಂಗಡಿಗೆ ಬರೋ ಮುಂಚೆ ತೀರ್ಕೊಂಡ. ಕಥೆ ಸಾಧಾರಣ. ಆದ್ರೆ ಬಾಲೂನಲ್ಲಿ ಅದು ಕಣ್ಣಿಗೆ ಬಿದ್ರೆ ಚೌಕಾಸಿಗೆ ನಿಲ್ಬೇಡಿ, ಕೇಳಿದಷ್ಟು ಕೊಟ್ಟು ಎತ್ಕೊಂಡು ಬನ್ನಿ, ಪಕ್ಕದಲ್ಲಿ ನಿಂತಿರೋ ಬಿಳಿ ಗಡ್ಡದ ಅಜ್ಜಂದಿರೂ ಅದನ್ನೇ ಹುಡುಕ್ತಿರ್ತಾರೆ.